ಭಾವ ಕಟ್ಟಿದ ಬ್ಯಾಟರಿ

ನಮ್ಮ ಭಾವನಿಗೆ ಯಾವುದನ್ನೂ ಮುಕ್ಕಾಲಿಗೆ ನಿಲ್ಲಿಸಿ ಗೊತ್ತಿಲ್ಲ. ಲೋಟಕ್ಕೆ ಟೀ ಬಗ್ಗಿಸಿದರೆ ಅದು ಅಂಚಿನ ತನಕ ಬಂದು ತುಳುಕಲೋ ಬೇಡವೋ ಎಂದು ನಿಲ್ಲಬೇಕು. ಲೋಟ ಎತ್ತುವ ಧೈರ್ಯ ಯಾರಿಗೂ ಇರುವುದಿಲ್ಲ. ನಾವೇ ಮೇಜಿನ ಮಟ್ಟಕ್ಕೆ ಬಗ್ಗಿ ಮೊದಲ ಗುಟುಕು ಹೀರಬೇಕು. ಸೊಂಟ ನೋವಿನ ನನ್ನ ಅಕ್ಕನೂ ಮದುವೆಯಾದಾಗಿನಿಂದ ಹೀಗೇ ಬಗ್ಗಿ ಬಗ್ಗಿ ಟೀ ಕುಡಿದವಳು. ಇನ್ನು ಭಾವ ಚೀಲ ತುಂಬಿದರಂತೂ ಅದರ ಜಿಪ್ಪು ಕಿತ್ತು ನನ್ನ ಹತ್ತಿರ ಬರುತ್ತದೆ. ನಾನು ಹೊಲಿಗೆಯವಳು. ಅವರ ಬ್ಯಾಟರಿ ಅಂಗಡಿಯ ಮುಂಭಾಗದಲ್ಲೇ ನನ್ನ ಮೆಷಿನ್ನು. ಆಸಿಡ್ಡೂ ಬಟ್ಟೆಯೂ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದರೆ ಏನಾಗುತ್ತದೆ ಎಂಬುದನ್ನು ನನ್ನ ಗಿರಾಕಿಗಳ ಪ್ಯಾಂಟುಗಳಲ್ಲಿ ನೋಡಬಹುದು.

ಭಾವ ಮೀಸೆ ಚಿಗುರುವ ಮೊದಲೇ ಲಾರಿ ಬ್ಯಾಟರಿಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದವರು. ತುಂಬಿಸುವ ಚಟ ಅಂಟಿಕೊಂಡದ್ದು ಅಲ್ಲೇ ಎಂದು ಅಕ್ಕ ಹೇಳುತ್ತಾಳೆ. ಆಮೇಲೆ ಸ್ವಂತ ಅಂಗಡಿ ಹಾಕಿದರು, ಮನೆಮನೆಯ ಇನ್ವರ್ಟರುಗಳನ್ನು ರಿಪೇರಿ ಮಾಡಿದರು. ಯಾವ ಗಿರಾಕಿ ಯಾವ ದೂರು ಹೊತ್ತು ಬಂದರೂ ಅವರ ಮೊದಲ ಮದ್ದು ಒಂದೇ: ಪೂರ್ತಿ ಚಾರ್ಜ್ ಮಾಡಿ ನೋಡೋಣ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೂ ಇರುತ್ತಿತ್ತು. ತೊಂದರೆ ಆದದ್ದೇ ಅದರಿಂದ.

ಅಕ್ಕ ಆಸ್ಪತ್ರೆಯಲ್ಲಿ ಗಾಡಿ ಓಡಿಸುತ್ತಾಳೆ. ಆಸ್ಪತ್ರೆ ಇರುವುದು ಗುಡ್ಡದ ಮೇಲೆ, ಗೇಟು ಮತ್ತು ಬಸ್ ನಿಲ್ದಾಣ ಕೆಳಗೆ. ಯಾವುದೋ ಗಾಲ್ಫ್ ಮೈದಾನದಲ್ಲಿ ಓಡಿ ಹಳೆಯದಾದ ಬಿಳಿ ಗಾಡಿಯೊಂದು ದಾನವಾಗಿ ಬಂದಿತ್ತು. ನಡೆಯಲಾರದ ರೋಗಿಗಳನ್ನು ಅದರಲ್ಲಿ ಕೂರಿಸಿಕೊಂಡು ಹತ್ತಿಸುವುದು, ಇಳಿಸುವುದು ಅವಳ ಕೆಲಸ. ಅದಕ್ಕೂ ಮೊದಲು ಅವಳು ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಗೆದ ಹಾಸಿಗೆ ಬಟ್ಟೆಗಳನ್ನು ದಿನವಿಡೀ ನಿಂತು ಮಡಿಸುತ್ತಿದ್ದಳು. ಸಂಜೆ ಗೋಡೆ ಹಿಡಿದುಕೊಂಡು ಮನೆಯೊಳಗೆ ಬರುತ್ತಿದ್ದಳು. ಗಾಡಿಯ ಸೀಟು ಸಿಕ್ಕ ಮೇಲೆ ಅವಳ ಮುಖದಲ್ಲಿ ಕಳೆ ಬಂದಿತ್ತು.

ಗಾಡಿಯ ಹಳೆಯ ಬ್ಯಾಟರಿಗಳು ಕೈಕೊಟ್ಟಾಗ, ಹೊಸ ಲಿಥಿಯಂ ಬ್ಯಾಟರಿ ನಾನೇ ಕಟ್ಟಿಕೊಡುತ್ತೇನೆ ಎಂದು ಭಾವ ಹೋಗಿ ಹೇಳಿ ಬಂದರು. ಸಿದ್ಧವಾಗಿ ಸಿಗುವ ಪೆಟ್ಟಿಗೆಗಳು ಆ ಸೀಟಿನಡಿ ಕೂರುತ್ತಿರಲಿಲ್ಲ. ಭಾವ ಈ ಮೊದಲು ಲಿಥಿಯಂ ಮುಟ್ಟಿದ್ದು ಸ್ಕೂಟರುಗಳಲ್ಲಿ ಮಾತ್ರ. ಆದರೂ ಇಟ್ಟಿಗೆಯಂಥ ನೀಲಿ ಸೆಲ್ಲುಗಳನ್ನು ತರಿಸಿ, ಎಲ್ಲವನ್ನೂ ಮೊದಲು ಒಂದೇ ಮಟ್ಟಕ್ಕೆ ತುಂಬಿಸಿ, ನಡುನಡುವೆ ಹಾಳೆ ಇಟ್ಟು, ಎರಡು ಕಡೆ ತಗಡಿನ ಫಲಕ ಹಾಕಿ ಬೋಲ್ಟು ಬಿಗಿದರು. ಒಂದರಿಂದ ಇನ್ನೊಂದಕ್ಕೆ ತಾಮ್ರದ ಪಟ್ಟಿ ಜೋಡಿಸಿದರು. ಪ್ರತಿ ಸೆಲ್ಲಿನಿಂದಲೂ ಒಂದು ತೆಳು ವೈರು ಹೊರಟು ಹಸಿರು ಬೋರ್ಡೊಂದನ್ನು ಸೇರಿತು. ಈ ಬೋರ್ಡು ಕಾವಲುಗಾರನಂತೆ. ಯಾವ ಸೆಲ್ಲಿಗೆ ಅಪಾಯ ಕಂಡರೂ ಇಡೀ ಬ್ಯಾಟರಿಯ ಸಂಪರ್ಕವನ್ನೇ ಕಡಿದು ಹಾಕುತ್ತದಂತೆ. ಎತ್ತಿ ಇಳಿಸಲು ದಪ್ಪ ಕ್ಯಾನ್ವಾಸಿನ ಪಟ್ಟಿಗಳನ್ನು ನಾನು ಹೊಲಿದುಕೊಟ್ಟೆ. ಇಡೀ ಸಾಹಸದಲ್ಲಿ ಒಮ್ಮೆಯೂ ತಕರಾರು ಮಾಡದ ಭಾಗ ಅದೊಂದೇ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಅಂಗಡಿ ಮುಂದಿನ ರಸ್ತೆಯಲ್ಲಿ ಗಾಡಿ ಬೆಣ್ಣೆಯಂತೆ ಓಡಿತು. ಪಕ್ಕದ ಟೈರ್ ಅಂಗಡಿಯವರು ಹತ್ತಿ ಕೂತು ಒಂದು ಸುತ್ತು ಹೊಡೆದು ಬಂದರು. ಭಾವನ ಕಾಲು ನೆಲದ ಮೇಲಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕ ರಾತ್ರಿ ಪಾಳಿಯ ನರ್ಸುಗಳನ್ನು ಕೂರಿಸಿಕೊಂಡು ಗೇಟಿಗೆ ಇಳಿಯುವಾಗ, ತಿರುವು ದಾಟುತ್ತಿದ್ದಂತೆ ಗಾಡಿ ಗಕ್ಕನೆ ನಿಂತಿತು. ಕೀಲಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಆ ದಿನ ಮತ್ತೆ ತಂಟೆ ಮಾಡಲಿಲ್ಲ. ಸಂಜೆ ಭಾವ ಹೋಗಿ ತಾವೇ ಓಡಿಸಿ ನೋಡಿದರು, ಹತ್ತಿದರು, ಇಳಿದರು, ಎಲ್ಲ ಸರಿ ಇತ್ತು. ಚಾರ್ಜ್ ಸಾಕಾಗಿಲ್ಲ ಅಷ್ಟೇ ಎಂದು ತೀರ್ಮಾನಿಸಿ, ಚಾರ್ಜರಿನ ತಿರುಪು ತಿರುಗಿಸಿ ಇನ್ನಷ್ಟು ತುಂಬುವಂತೆ ಮಾಡಿ ಬಂದರು. ಮರುದಿನ ಬೆಳಿಗ್ಗೆ ಗಾಡಿ ತಿರುವಿಗೂ ಮೊದಲೇ ನಿಂತಿತು.

ಅಲ್ಲಿಂದ ನಮ್ಮ ಮನೆಯಲ್ಲಿ ತಲೆ ಬುಡ ತಿಳಿಯದ ಕಾಲ ಶುರುವಾಯಿತು. ನಿಲ್ಲುವುದು ಬೆಳಿಗ್ಗೆ ಮಾತ್ರ, ಅದೂ ಇಳಿಯುವಾಗ ಮಾತ್ರ. ಉಸಿರು ಕಟ್ಟುವ ಏರಿನಲ್ಲಿ ನಿಲ್ಲದ ಗಾಡಿ, ಬಿಟ್ಟರೆ ತಾನೇ ಉರುಳುವ ಇಳಿಜಾರಿನಲ್ಲಿ ಯಾಕೆ ನಿಲ್ಲಬೇಕು? ಬೆಳಗಿನ ತಂಪಿರಬೇಕೆಂದು ಭಾವ ನನ್ನಿಂದ ಬ್ಯಾಟರಿಗೊಂದು ಕಂಬಳಿ ಕವಚ ಹೊಲಿಸಿದರು. ಗಾಡಿಯ ಮೂತಿ ಕೆಳಗಾದಾಗ ಯಾವುದೋ ವೈರು ಜಗ್ಗುತ್ತದೆಂದು, ಬ್ಯಾಟರಿಯನ್ನು ಅಂಗಡಿಗೆ ತಂದು ಹಿಂದಿನಿಂದ ಜಾಕಿ ಕೊಟ್ಟು ಎತ್ತಿ ಇಳಿಜಾರಾಗಿ ಇಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಅದು ಇವರನ್ನು ನೋಡಿತು, ಇವರು ಅದನ್ನು ನೋಡಿದರು, ಏನೂ ಆಗಲಿಲ್ಲ. ಬೋರ್ಡಿನ ಮೇಲೆ ಕೆಂಪು ದೀಪವೊಂದಿತ್ತು. ಗಾಡಿ ನಿಂತಾಗ ಅದು ಮಿನುಗುತ್ತಿತ್ತಂತೆ, ಆದರೆ ಯಾಕೆಂದು ಹೇಳುವ ಬುದ್ಧಿ ಅದಕ್ಕಿರಲಿಲ್ಲ.

ಕೊನೆಗೆ ತಪ್ಪು ಅಕ್ಕನ ಪಾದದ ಮೇಲೆ ಬಂದು ಬಿತ್ತು. ಅವಳು ಬ್ರೇಕು ತುಳಿಯುವ ರೀತಿ ಸರಿಯಿಲ್ಲ ಎಂದರು ಭಾವ. ಅಕ್ಕ ಎರಡು ದಿನ ಅವರ ಜೊತೆ ಮಾತು ಬಿಟ್ಟಳು. ನನಗೂ ಯಾರ ಪರ ವಹಿಸಬೇಕೆಂದು ತೋಚಲಿಲ್ಲ. ಭಾವನ ಕೆಲಸ ಸುಳ್ಳಲ್ಲ, ಅಕ್ಕನ ಮಾತೂ ಸುಳ್ಳಲ್ಲ, ಗಾಡಿ ಮಾತ್ರ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಹೀಗೆ ಗಕ್ಕನೆ ನಿಂತಾಗ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಹೊರಟಿದ್ದ ಅಜ್ಜಿಯೊಬ್ಬರು ಮುಗ್ಗರಿಸಿ ಮುಂದಿನ ಸರಳಿಗೆ ಹಣೆ ತಗುಲಿಸಿಕೊಂಡರು. ಗಾಯವೇನೂ ಆಗಲಿಲ್ಲ, ಬುಗುಟೆ ಎದ್ದಿತು. ಆಸ್ಪತ್ರೆಯ ಮ್ಯಾನೇಜರು ಗಟ್ಟಿಯಾಗಿ ಮಾತಾಡುವವರಲ್ಲ. ಸೋಮವಾರ ಬೆಳಿಗ್ಗೆ ತಾವೇ ಗಾಡಿಯಲ್ಲಿ ಕೂತು ಇಳಿದು ನೋಡುವುದಾಗಿ ಹೇಳಿದರು. ನಿಂತರೆ ಗಾಡಿ ಗುಜರಿಗೆ, ಅಕ್ಕ ಮತ್ತೆ ನೆಲಮಾಳಿಗೆಗೆ. ಅದನ್ನು ಹೇಳುವಾಗ ಅವರು ಅಕ್ಕನ ಸೊಂಟದ ಕಡೆ ನೋಡಿ ಕಣ್ಣು ತಗ್ಗಿಸಿದರಂತೆ.

ಮನೆಗೆ ಬಂದ ಅಕ್ಕ ಒಂದು ಮಾತು ಹೇಳಿದಳು. ಹಿಂದಿನ ವಾರ ಕರೆಂಟು ಹೋಗಿ ಚಾರ್ಜು ಅರ್ಧಕ್ಕೇ ನಿಂತಿತ್ತಲ್ಲ, ಮರುದಿನ ಗಾಡಿ ನಿಲ್ಲಲೇ ಇಲ್ಲವಂತೆ. ಇನ್ನೊಂದು ದಿನ ಬೆಳಿಗ್ಗೆ ಮೊದಲು ಬಟ್ಟೆ ಗಂಟುಗಳನ್ನು ಹಿಂದಿನ ಏರಿನ ಮೇಲಿನ ಹೊಸ ಕಟ್ಟಡಕ್ಕೆ ಮುಟ್ಟಿಸಿ ಆಮೇಲೆ ಗೇಟಿಗೆ ಇಳಿದಿದ್ದಳು, ಆಗಲೂ ನಿಂತಿರಲಿಲ್ಲ. ಭಾವನಿಗೆ ನಗು ತಡೆಯಲಾಗಲಿಲ್ಲ.

"ಹೊಟ್ಟೆ ತುಂಬಿದೋನು ತಲೆ ತಿರುಗಿ ಬೀಳ್ತಾನೋ, ಹಸಿದೋನು ಬೀಳ್ತಾನೋ?" ಎಂದು ಕೇಳಿದರು.

ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಸೋಮವಾರ ಬೆಳಿಗ್ಗೆ ನಾನೂ ಭಾವನೂ ಆಸ್ಪತ್ರೆಗೆ ಹೋದೆವು. ಹಿಂದಿನ ರಾತ್ರಿ ಭಾವ ತಮ್ಮ ಕೈಯಿಂದಲೇ ಚಾರ್ಜರ್ ಹಚ್ಚಿಟ್ಟು ಬಂದಿದ್ದರು. ಇನ್ನೊಂದು ಹನಿ ಹಿಡಿಯದಷ್ಟು ತುಂಬಿದೆ ಎಂದು ಮೀಟರು ನೋಡಿ ಸಮಾಧಾನಪಟ್ಟರು. ಮ್ಯಾನೇಜರು ಇನ್ನೂ ಬಂದಿರಲಿಲ್ಲ. ಅಕ್ಕ ಬಂದವಳೇ ನಮ್ಮ ಕಡೆ ತಿರುಗಿಯೂ ನೋಡದೆ, ಬಟ್ಟೆ ಗಂಟುಗಳನ್ನೆಲ್ಲ ಗಾಡಿಗೆ ಹೇರಿಸಿ ಹಿಂದಿನ ಏರು ಹತ್ತಿಸಿದಳು. ಇಳಿದು ಬಂದರೆ ತೊಂದರೆಯೆಂದೋ ಏನೋ, ಮೇಲಿನ ಸಮತಟ್ಟು ಅಂಗಳದಲ್ಲೇ ಸುತ್ತತೊಡಗಿದಳು. ಒಂದು ಸುತ್ತು, ಮತ್ತೊಂದು ಸುತ್ತು. ಭಾವ ಏದುಸಿರು ಬಿಡುತ್ತ ಹಿಂದೆ ಓಡಿದರು, ಅವರ ಹಿಂದೆ ನಾನು.

"ತುಂಬಿಸಿದ್ದನ್ನೆಲ್ಲ ಹಾಳು ಮಾಡ್ತಿದೀಯಲ್ಲೇ," ಎಂದರು. ಸಿಟ್ಟಿಗಿಂತ ಅಳುವೇ ಹತ್ತಿರವಿತ್ತು ಆ ದನಿಯಲ್ಲಿ.

ಅಕ್ಕ ಗಾಡಿ ನಿಲ್ಲಿಸಿದಳು. "ನೀವು ಕಟ್ಟಿದ್ದು ಚೆನ್ನಾಗೇ ಇದೆ ರೀ. ಆದ್ರೆ ನೆಲಮಾಳಿಗೇಲಿ ನಿಲ್ಲಬೇಕಾಗಿರೋದು ನನ್ನ ಸೊಂಟ. ಇವತ್ತೊಂದು ದಿನ ನನ್ನ ಮಾತು ನಡೀಲಿ."

ಭಾವ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಅಕ್ಕ ಇನ್ನೂ ಕೆಲವು ಸುತ್ತು ಹೊಡೆದು, ನಿಧಾನವಾಗಿ ಮುಂಬಾಗಿಲಿಗೆ ಇಳಿಸಿ ತಂದಳು.

ಮ್ಯಾನೇಜರು ಮುಂದೆ ಕೂತರು, ಹಿಂದೆ ನರ್ಸುಗಳು. ಗಾಡಿ ಇಳಿಯತೊಡಗಿತು. ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆವು. ಮೊದಲು ನಿಲ್ಲುತ್ತಿದ್ದ ಜಾಗ ದಾಟಿತು. ತಿರುವಿನಲ್ಲಿ ಮರೆಯಾಯಿತು. ಮುಂದೇನಾಯಿತು ಎಂದು ತಿಳಿಯುವ ದಾರಿಯಿರಲಿಲ್ಲ. ಭಾವ ನನ್ನ ತೋಳು ಹಿಡಿದುಕೊಂಡಿದ್ದರು, ಹಿಡಿದುಕೊಂಡಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಭಯವಾಗಿತ್ತು. ಗಾಡಿ ನಿಂತರೆ ಅಕ್ಕ ನೆಲಮಾಳಿಗೆಗೆ. ನಿಲ್ಲದಿದ್ದರೆ ಭಾವ ಜೀವಮಾನವೆಲ್ಲ ನಂಬಿದ್ದು ಎಲ್ಲಿಗೆ? ಕೊನೆಗೆ ತಿರುವಿನಲ್ಲಿ ಬಿಳಿ ಛಾವಣಿ ಕಾಣಿಸಿತು. ಗಾಡಿ ಏರು ಹತ್ತಿ ಬರುತ್ತಿತ್ತು, ಹಿಂದಿನ ಸೀಟಿನಲ್ಲಿ ಒಬ್ಬ ರೋಗಿ, ಮುಂದೆ ಅಕ್ಕ, ಅವಳ ಪಕ್ಕದಲ್ಲಿ ಮ್ಯಾನೇಜರು. ಮ್ಯಾನೇಜರು ಇಳಿದು, ಅಕ್ಕನಿಗೆ ತಲೆಯಾಡಿಸಿ ಒಳಗೆ ಹೋದರು.

ಅಂಗಡಿಗೆ ಬಂದ ಭಾವ ಊಟ ಮಾಡಲಿಲ್ಲ. ನನ್ನ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಗುಡ್ಡ ಬರೆದರು, ಅದರ ಮೇಲೊಂದು ಗಾಡಿ ಬರೆದರು, ಒರೆಸಿದರು, ಮತ್ತೆ ಬರೆದರು. ಎಷ್ಟೋ ಹೊತ್ತಾದ ಮೇಲೆ ಸೀಮೆಸುಣ್ಣ ಕೆಳಗಿಟ್ಟು, ಅಯ್ಯೋ ಎಂದು ಮೆಲ್ಲಗೆ ಅಂದರು. ಇಳಿಯುವಾಗ ಆ ಗಾಡಿಯನ್ನು ಹಿಡಿದು ನಿಧಾನಿಸುವುದೇ ಮೋಟರಂತೆ. ಆಗ ಅದು ಕರೆಂಟು ತಿನ್ನುವುದಿಲ್ಲ, ತಾನೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ವಾಪಸು ಕಳಿಸುತ್ತದಂತೆ. ಹಳೆಯ ಬ್ಯಾಟರಿಗಳು ಬಂದದ್ದನ್ನೆಲ್ಲ ಹೇಗೋ ಅರಗಿಸಿಕೊಳ್ಳುತ್ತಿದ್ದವು. ಹೊಸದು ಮೊದಲೇ ಕಂಠಪೂರ್ತಿ ತುಂಬಿದ್ದರೆ, ಇನ್ನು ಹಿಡಿಯದೆಂದು ಕಾವಲು ಬೋರ್ಡು ಸಂಪರ್ಕ ಕಡಿಯುತ್ತದೆ, ಕರೆಂಟು ತಪ್ಪಿದೊಡನೆ ಮೋಟರಿನ ಬ್ರೇಕು ತಾನೇ ಕಚ್ಚಿಕೊಂಡು ಗಾಡಿ ನಿಲ್ಲುತ್ತದೆ. ಭಾವ ಇದನ್ನು ನನಗೆ ಮೂರು ಸಲ ವಿವರಿಸಿದರು. ನನಗೆ ಅರ್ಥವಾದದ್ದು ಇಷ್ಟೇ: ಅವರು ಹೆಚ್ಚು ತುಂಬಿಸಿದಷ್ಟೂ ಅದು ಬೇಗ ನಿಲ್ಲುತ್ತಿತ್ತು, ಅಕ್ಕ ಹೇಳಿದ್ದು ನಿಜವಾಗಿತ್ತು.

ಮಧ್ಯಾಹ್ನ ಆಸ್ಪತ್ರೆಗೆ ಹೋಗಿ, ಸ್ವಲ್ಪ ಬಾಕಿ ಇರುವಾಗಲೇ ನಿಲ್ಲುವಂತೆ ಚಾರ್ಜರಿನ ತಿರುಪನ್ನು ಹಿಂದಕ್ಕೆ ತಿರುಗಿಸಿ ಬಂದರು. ತಿರುಗಿಸುವಾಗ ಕೈ ಬರಲೇ ಇಲ್ಲ ಎಂದು ನನ್ನೆದುರು ಒಪ್ಪಿಕೊಂಡರು.

ಸಂಜೆ ಅಕ್ಕ ಕೆಲಸ ಮುಗಿಸಿ ಅಂಗಡಿಗೆ ಬಂದು ಕೂತಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಪೈಕಿಯಲ್ಲ ನಮ್ಮ ಭಾವ. ಫ್ಲಾಸ್ಕು ತೆಗೆದು ಟೀ ಬಗ್ಗಿಸಿದರು. ನನ್ನ ಲೋಟ ಎಂದಿನಂತೆ ಅಂಚಿಗೆ ಬಂದು ನಿಂತಿತು, ಅವರದೂ ಹಾಗೆಯೇ. ಅಕ್ಕನ ಲೋಟ ಮುಕ್ಕಾಲಿಗೆ ಬಂದಾಗ ಕೈ ತಡೆಯಿತು. ಫ್ಲಾಸ್ಕು ಇನ್ನೊಮ್ಮೆ ಬಾಗಲು ಹೋಯಿತು, ಬಾಗಲಿಲ್ಲ.

"ಏನ್ರೀ, ಟೀ ಖಾಲಿ ಆಯ್ತಾ?" ಎಂದಳು ಅಕ್ಕ.

"ಇಲ್ಲ," ಎಂದರು ಭಾವ. "ಇದೆ."

ಅಕ್ಕ ಲೋಟದ ಕಡೆ ನೋಡಿದಳು. ಆಮೇಲೆ ಬೆನ್ನು ನೆಟ್ಟಗಿಟ್ಟುಕೊಂಡೇ ಅದನ್ನು ಎತ್ತಿ, ಬಗ್ಗದೆ ಕುಡಿದಳು.