ಕನ್ನಡಕದಂಗಡಿಯವರ ಕಿವಿ

ನಮ್ಮ ಮನೆಯವರಿಗೆ ಕನ್ನಡಕದ ಅಂಗಡಿಯಿದೆ. ಹಗಲೆಲ್ಲ ಊರಿನವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತಾ "ಇದು ಸ್ಪಷ್ಟನಾ, ಮೊದಲಿಂದು ಸ್ಪಷ್ಟನಾ?" ಎಂದು ಕೇಳುವುದು ಅವರ ಕೆಲಸ. ಆ ಪ್ರಶ್ನೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಸಂಜೆ ಮನೆಗೆ ಬಂದು ನನ್ನನ್ನು ಸ್ಟೀರಿಯೊ ಮುಂದೆ ಕೂರಿಸಿ ಅದನ್ನೇ ಕೇಳುತ್ತಾರೆ.

ಕೆಳಗಿನ ಕೋಣೆ ಸ್ಟೀರಿಯೊದ್ದು. ನಾವು ಮಲಗುವುದು ಮಹಡಿಯಲ್ಲಿ. ಸ್ಪೀಕರುಗಳ ಅಡಿಯಲ್ಲಿ ಗ್ರಾನೈಟ್ ಕಲ್ಲು, ಕಲ್ಲಿನ ಅಡಿಯಲ್ಲಿ ಅರ್ಧ ಅರ್ಧ ಕತ್ತರಿಸಿದ ಟೆನಿಸ್ ಚೆಂಡು. ವೈರು ನೆಲಕ್ಕೆ ತಾಗಿದರೆ ಶಬ್ದ ಮಂಕಾಗುತ್ತದಂತೆ, ಅದಕ್ಕೆ ಕಾಗದದ ಲೋಟಗಳನ್ನು ಬೋರಲು ಹಾಕಿ ಅವುಗಳ ಮೇಲೆ ವೈರನ್ನು ಮಲಗಿಸಿದ್ದಾರೆ. ನೆಲದ ಮೇಲೆ ಟೇಪಿನ ಗುರುತುಗಳಿವೆ. ಕಸ ಗುಡಿಸುವಾಗ ಸ್ಪೀಕರು ಒಂದು ಬೆರಳು ಸರಿಯಿತೋ, ಆ ಸಂಜೆ ಮನೆಯಲ್ಲಿ ಗಂಟುಮುಖ. ಹಾಡು ಕೇಳುವಾಗ ಫ್ರಿಜ್ ಆರಿಸಬೇಕು. ಆರಿಸಿದ್ದು ಮರೆತುಹೋಗಿ ನಾನು ಕೆಟ್ಟ ಹಾಲು ಚೆಲ್ಲಿದ ದಿನಗಳನ್ನು ಲೆಕ್ಕ ಇಟ್ಟಿಲ್ಲ.

ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದೇನಲ್ಲ. ಅಂಗಡಿಯಲ್ಲಿ ಕೂತುಕೊಂಡೇ "ದಾರಿಯಲ್ಲಿದ್ದೀನಿ, ಬಂದೇಬಿಟ್ಟೆ" ಎಂದು ಫೋನಿನಲ್ಲಿ ಹೇಳುವ ಆಸಾಮಿ. ಆದರೆ ಶಬ್ದದ ವಿಷಯಕ್ಕೆ ಬಂದರೆ ಮುಖಕ್ಕೆ ಹೊಡೆದ ಹಾಗೆ ಸತ್ಯ. ಮದುವೆಯಾದ ಹೊಸದರಲ್ಲಿ ಆಸೆಪಟ್ಟು ಒಂದು ಹಾಡು ಹಾಡಿದೆ. ಕಣ್ಣುಮುಚ್ಚಿ ಕೇಳಿ, "ಚೆನ್ನಾಗಿದೆ. ಸ್ವಲ್ಪ ಮೂಗಲ್ಲಿ ಹಾಡ್ತೀಯ" ಅಂದರು. ಆಮೇಲೆ ನಾನು ಅವರ ಎದುರು ಬಾಯಿ ತೆರೆದಿದ್ದು ಬೈಯುವುದಕ್ಕೆ ಮಾತ್ರ.

ಈ ಹುಚ್ಚಿಗೆ ಜೊತೆಗಾರರು ಇಬ್ಬರು. ಒಬ್ಬ ಲಿಫ್ಟ್ ರಿಪೇರಿಯವನು, ಇನ್ನೊಬ್ಬರು ಹಲ್ಲಿನ ಡಾಕ್ಟರು. ಭಾನುವಾರ ಮಧ್ಯಾಹ್ನ ಮೂವರೂ ಸೇರಿ ಒಂದೇ ಹಾಡಿನ ಮೊದಲ ಎರಡು ಸಾಲನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಹಾಡು ಎತ್ತಿಕೊಳ್ಳುವ ಮೊದಲು ಹಾಡುಗಾರ್ತಿ ಮೆಲ್ಲಗೆ ಉಸಿರೆಳೆದುಕೊಳ್ಳುತ್ತಾಳಂತೆ. ಆ ಉಸಿರು ಕೇಳಿಸಿದರೆ ಇವರ ಜನ್ಮ ಸಾರ್ಥಕ.

ಒಮ್ಮೆ ಡಾಕ್ಟರು ಬೆರಳಿನಷ್ಟು ದಪ್ಪದ ಹೊಸ ವೈರು ತಂದರು. ಹಾಡು ಹಾಕಿದ್ದೇ ತಡ, ಪರದೆ ಸರಿಸಿದ ಹಾಗಾಯಿತು ಎಂದು ಡಾಕ್ಟರು ತಲೆದೂಗಿದರು. ಹಾಡುಗಾರ್ತಿ ಎರಡು ಹೆಜ್ಜೆ ಮುಂದೆ ಬಂದು ನಿಂತಳು ಎಂದ ಲಿಫ್ಟಿನವನು. ಇವರಂತೂ ಕಣ್ಣು ಒರೆಸಿಕೊಂಡರು. ನಾನು ಟೀ ತಂದವಳು ಸೋಫಾದ ಹಿಂದೆ ನೋಡುತ್ತೇನೆ, ಹೊಸ ವೈರು ಕವರಿನಿಂದ ಆಚೆಗೇ ಬಂದಿಲ್ಲ. ಜೋಡಿಸಿದ್ದು ಲಿಫ್ಟಿನವನು ಎಂದು ಡಾಕ್ಟರು, ಡಾಕ್ಟರು ಎಂದು ಲಿಫ್ಟಿನವನು ಅಂದುಕೊಂಡಿದ್ದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅವರು ಮೂವರೂ ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಅವತ್ತಿನಿಂದ ಅಲ್ಲೊಂದು ಕಾನೂನು ಬಂತು: ಏನೇ ಬದಲಿಸಿದರೂ ಕಣ್ಣು ಕಟ್ಟಿಕೊಂಡು ಕೇಳಿಯೇ ತೀರ್ಪು ಹೇಳಬೇಕು.

ಅಷ್ಟರಲ್ಲಿ ನನ್ನ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಅಮ್ಮ ಪರದೆ ಹೊಲಿಯುವವಳು. ಬಾಡಿಗೆಗೆ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡದಲ್ಲಿ. ಆಪರೇಷನ್ ಮಾಡಿದ ಡಾಕ್ಟರು ಮೆಟ್ಟಿಲು ಹತ್ತುವುದನ್ನು ಮರೆತುಬಿಡಿ ಎಂದರು. ಕೆಳಗೆ ನಮಗಿರುವುದು ಅದೊಂದೇ ಕೋಣೆ. ಇವರ ಹತ್ತಿರ ಹೇಗೆ ಬಾಯಿ ಬಿಡುವುದು ಎಂದು ನಾನು ಒದ್ದಾಡುತ್ತಿದ್ದರೆ, ಇವರೇ ಲಿಫ್ಟಿನವನನ್ನು ಕರೆಸಿ, ಟೇಪಿನ ಗುರುತುಗಳನ್ನು ಉಗುರಿನಿಂದ ಕಿತ್ತು, ಸ್ಪೀಕರುಗಳನ್ನು ಒಂದು ಪಕ್ಕಕ್ಕೆ ಸರಿಸಿ, ಮಂಚಕ್ಕೆ ಜಾಗ ಮಾಡಿದರು. ಮುಖ ಮಾತ್ರ ಇಷ್ಟು ಸಣ್ಣದಾಗಿತ್ತು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಅಮ್ಮನ ಜೊತೆ ಅವಳ ದಪ್ಪ ಹತ್ತಿ ಹಾಸಿಗೆ, ರಜಾಯಿಗಳು, ಹೊಲಿಯಲು ಉಳಿದಿದ್ದ ಪರದೆಯ ಥಾನುಗಳು ಬಂದವು. ನಾಲ್ಕು ದಿನ ಕಳೆದಿರಬೇಕು. ಅಮ್ಮ ವಾಕರ್ ಹಿಡಿದು ಬಚ್ಚಲಿನಿಂದ ಮಂಚಕ್ಕೆ ಬರುತ್ತಿದ್ದಳು. ಇವರು ಕೋಣೆಯ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಅಮ್ಮ ನಾಚಿಕೊಂಡು, "ಇಷ್ಟು ನಡೆದಿದ್ದಕ್ಕೆ ಇದೆಲ್ಲ ಯಾಕೆ ಅಳಿಯಂದಿರೇ" ಎಂದಳು. ಇವರು ತಬ್ಬಿಬ್ಬಾದರು. ಇವರು ತಟ್ಟಿದ್ದು ಗೋಡೆಗಳ ಮಾರ್ದನಿ ಪರೀಕ್ಷಿಸುವುದಕ್ಕೆ. ಇಷ್ಟು ವರ್ಷ ಕಲ್ಲಿಟ್ಟು, ಚೆಂಡಿಟ್ಟರೂ ಹೋಗದ ಮಾರ್ದನಿ ಅಮ್ಮನ ಹಾಸಿಗೆಗೆ ಹೆದರಿ ಓಡಿಹೋಗಿತ್ತು.

"ಅತ್ತೆ, ನಿಮ್ಮ ರಜಾಯಿ ಇನ್ನೆಷ್ಟಿದೆ?" ಎಂದು ಕೇಳಿದರು. ಅಳಿಯನಿಗೆ ಚಳಿ ಹೆಚ್ಚು ಎಂದು ತಿಳಿದು ಅಮ್ಮ ಒಂದನ್ನು ಮಡಿಸಿ ಕೊಟ್ಟಳು. ಇವರು ಅದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಅಮ್ಮ ನನ್ನ ಕಡೆ ನೋಡಿದಳು. ನಾನು ಹಣೆ ಚಚ್ಚಿಕೊಂಡೆ.

ಎಲ್ಲ ಸರಿಯಾಗಿತ್ತು, ಅಮ್ಮನ ಟೇಬಲ್ ಫ್ಯಾನ್ ಒಂದನ್ನು ಬಿಟ್ಟು. ಅದಿಲ್ಲದೆ ಅವಳಿಗೆ ಉಸಿರು ಕಟ್ಟಿದಂತಾಗುತ್ತದೆ. ಅದೋ ಇಡೀ ದಿನ ಗುಂಯ್ ಎನ್ನುತ್ತಿರುತ್ತದೆ. ಇವರು ಒಂದು ಮಾತೂ ಆಡಲಿಲ್ಲ. ಆದರೆ ಭಾನುವಾರ ಮೂವರೂ ಸೇರಿದಾಗ ಅಮ್ಮ ತಾನಾಗಿಯೇ ಫ್ಯಾನ್ ಆರಿಸಿ ಕೂರತೊಡಗಿದಳು. ಒಮ್ಮೆ ನಾನು ಒಳಗೆ ಹೋದಾಗ ಅವಳ ಕುತ್ತಿಗೆಯೆಲ್ಲ ಬೆವೆತು ರವಿಕೆ ಒದ್ದೆಯಾಗಿತ್ತು. ಆ ಗಂಡಸರು ಮೂವರೂ ಕಣ್ಣುಮುಚ್ಚಿ ಉಸಿರು ಹುಡುಕುತ್ತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸ್ಟೀರಿಯೊದ ವೈರನ್ನೇ ಕಿತ್ತೆಸೆಯುತ್ತಿದ್ದೆ, ಅಮ್ಮ ಕಣ್ಸನ್ನೆಯಲ್ಲೇ ತಡೆದಳು.

ಮರುದಿನ ಬೆಳಿಗ್ಗೆ ಅಮ್ಮ, "ಕಾಲು ನೆಟ್ಟಗಾಯ್ತು. ನಾನಿನ್ನು ನನ್ನ ಮನೆಗೆ ಹೋಗ್ತೀನಿ" ಎಂದಳು.

"ಮೂರು ಮಹಡಿ ಹೇಗಮ್ಮ ಹತ್ತೋದು?"

"ಒಂದ್ಸಲ ಹತ್ತಿದ್ರೆ ಆಯ್ತಲ್ಲ. ಇಳಿಯೋ ಕೆಲಸ ಏನಿದೆ ನನಗೆ?"

ಆ ಮನೆ ಹತ್ತಿದರೆ ಅಮ್ಮ ಕಿಟಕಿಯಿಂದ ಬೀದಿ ನೋಡುತ್ತಲೇ ಮುಗಿದುಹೋಗುತ್ತಾಳೆ. ಅತ್ತು ಕರೆದೆ, ಜಗಳವಾಡಿದೆ. ಇವರೂ ಇರಿ ಎಂದರು. ಅಮ್ಮ ಯಾರ ಮಾತಿಗೂ ಜಗ್ಗಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು.

"ನೀವು ಒಳ್ಳೆಯವರು ಅಳಿಯಂದಿರೇ, ಮನಸ್ಸಲ್ಲಿದ್ದಿದ್ದು ಹೇಳಲ್ಲ. ಕಣ್ಣು ಕಟ್ಕೊಂಡು ಕೇಳಿ. ಒಂದ್ಸಲ ನಾನೂ ಫ್ಯಾನೂ ಕೋಣೇಲಿ ಇರ್ತೀವಿ, ಒಂದ್ಸಲ ಇರಲ್ಲ. ಎರಡೂ ಒಂದೇ ಅಂದ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಹಾಸಿಗೆ ನಿಮಗೇ ಬಿಟ್ಟು ಹೋಗ್ತೀನಿ."

ಪರೀಕ್ಷೆ ಭಾನುವಾರಕ್ಕೆ ಗೊತ್ತಾಯಿತು. ಜೊತೆಗಾರರಿಬ್ಬರು ಬರುವ ಮೊದಲು ಇವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ನೋಡಿ, ಒಂದೇ ಥರ ಇದೆ ಅಂತ ಹೇಳಿಬಿಡಿ. ಇಷ್ಟು ವರ್ಷದಲ್ಲಿ ನಾನು ನಿಮ್ಮ ಹತ್ತಿರ ಏನೂ ಕೇಳಿಲ್ಲ." ಅದು ಶುದ್ಧ ಸುಳ್ಳು, ಬೇಕಾದಷ್ಟು ಕೇಳಿದ್ದೇನೆ. ಇವರು ಕಣ್ಣಿಗೆ ಕಟ್ಟಲು ಟವೆಲ್ ಹುಡುಕಿಕೊಂಡು ಹೊರಟರು.

ಪರೀಕ್ಷೆ ಪಕ್ಕಾ ನಡೆಯಿತು. ಗಾಳಿ ತಾಗಿ ಗೊತ್ತಾಗದಿರಲಿ ಎಂದು ಫ್ಯಾನನ್ನು ಗೋಡೆಯ ಕಡೆ ತಿರುಗಿಸಿದರು. ಕಣ್ಣಿಗೆ ಟವೆಲ್ ಕಟ್ಟಿದ ಇವರನ್ನು ಡಾಕ್ಟರು ಎರಡು ಸಲವೂ ಹೊರಗಿನಿಂದ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಮೊದಲ ಸಲ ಅಮ್ಮ ನನ್ನ ಜೊತೆ ಬಾಗಿಲಾಚೆ ನಿಂತಿದ್ದಳು. ಎರಡನೆಯ ಸಲ ಮಂಚದ ಮೇಲಿದ್ದಳು, ಫ್ಯಾನ್ ತಿರುಗುತ್ತಿತ್ತು. ಲಿಫ್ಟಿನವನು ಹಾಡು ನಿಲ್ಲಿಸಿದ.

"ಹೇಳಿ ಅಳಿಯಂದಿರೇ" ಎಂದಳು ಅಮ್ಮ.

ನಾನು ಕಂಡ ಕಂಡ ದೇವರಿಗೆ ಹರಕೆ ಹೊತ್ತೆ.

"ಮೊದಲಿಂದೇ ಚೆನ್ನಾಗಿತ್ತು" ಎಂದರು. "ಎರಡನೇದರಲ್ಲಿ ಉಸಿರು ಕೇಳಿಸಲಿಲ್ಲ."

ಆ ಗಳಿಗೆಯಲ್ಲಿ ನನ್ನ ಗಂಡನಷ್ಟು ಕೆಟ್ಟ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅನ್ನಿಸಿತು. ಡಾಕ್ಟರು ನೆಲ ನೋಡಿದರು. ಅಮ್ಮ ನಿಧಾನಕ್ಕೆ ತಲೆಯಾಡಿಸಿ, "ಬ್ಯಾಗ್ ತೆಗಿ" ಎಂದು ನನಗೆ ಹೇಳಿದಳು.

ಇವರು ಟವೆಲ್ ಬಿಚ್ಚಿ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು.

"ಅತ್ತೆ, ನೀವು ಯಾವುದು ಚೆನ್ನಾಗಿದೆ ಅಂತ ಕೇಳಿದ್ರಿ, ಹೇಳಿದೆ. ಯಾವುದು ಬೇಕು ಅಂತ ಕೇಳಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ನಾನು ತುಂಬ ಸ್ಪಷ್ಟ ಕಾಣೋ ಗಾಜನ್ನೇ ಕೊಡಲ್ಲ. ಪೂರ್ತಿ ನಂಬರ್ ಹಾಕಿದ್ರೆ ಬೋರ್ಡಿನ ಕೊನೇ ಸಾಲನ್ನೂ ಓದ್ತಾರೆ, ಹೊರಗೆ ಹೋಗಿ ತಲೆ ತಿರುಗಿ ಬೀಳ್ತಾರೆ. ಒಂದು ಚೂರು ಕಮ್ಮಿ ಮಾಡಿ, ಹಾಕ್ಕೊಂಡು ಬದುಕೋಕಾಗೋದನ್ನ ಕೊಡ್ತೀನಿ. ನನಗೆ ಎರಡನೇದು ಬೇಕು."

"ಉಸಿರು ಕೇಳಿಸಲ್ವಲ್ಲ."

"ಕೇಳಿಸದಿದ್ರೆ ಬೇಡ. ನೀವು ಆ ಮೂರು ಮಹಡಿ ಹತ್ತಿ ಕೂತ್ರೆ, ಇಲ್ಲಿ ಎಷ್ಟು ಚೆನ್ನಾಗಿ ಕೇಳಿಸಿದ್ರೂ ನನಗೆ ಹಿಡಿಸಲ್ಲ."

ನನಗೆ ಅಳು ಬಂತು. ಮುಚ್ಚಿಡುವುದೇನು, ಬಾಗಿಲಿಗೆ ಒರಗಿ ಅತ್ತೆ. ಲಿಫ್ಟಿನವನು ಮೆಲ್ಲಗೆ ಎದ್ದು ಫ್ಯಾನನ್ನು ಅಮ್ಮನ ಕಡೆ ತಿರುಗಿಸಿದ.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ದಿಟ್ಟಿಸಿದಳು. "ನೀನು ಅಡುಗೆಮನೇಲಿ ಹೇಳಿಕೊಟ್ಟಿದ್ದೆಲ್ಲ ನನಗೆ ಕೇಳಿಸ್ತು. ಇವರು ಒಂದೇ ಥರ ಇದೆ ಅಂತ ಅಂದಿದ್ರೆ, ಇರಿ ಅಂದಿದ್ದೂ ಸುಳ್ಳೇ ಅಂದ್ಕೊಂಡು ಇವತ್ತೇ ಹೊರಟುಬಿಡ್ತಿದ್ದೆ. ಹೋಗು, ನನ್ನ ಬಾಡಿಗೆ ಮನೆ ಖಾಲಿ ಮಾಡ್ತೀವಿ ಅಂತ ಓನರಿಗೆ ಫೋನ್ ಮಾಡು."