ಚಂದ್ರಿಕೆ ಅಂದರೆ ಬೆಳದಿಂಗಳಲ್ಲ

ಬೆಳಗಿನ ಐದೂವರೆ. ಶಿಡ್ಲಘಟ್ಟದ ಬೀದಿಯಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಏಳುವ ಹೊತ್ತಿಗೆ ನಾಹಿದ್ ಆಗಲೇ ಎರಡು ಪುಸ್ತಕ ಮುಗಿಸಿದ್ದಾರೆ. ಓದಿ ಮುಗಿಸಿದ್ದಲ್ಲ, ತಿದ್ದಿ ಮುಗಿಸಿದ್ದು. ಅಡುಗೆಮನೆ ಹೊಸ್ತಿಲ ಬಳಿ ಚಾಪೆ, ತೊಡೆಯ ಮೇಲೆ ಮಣೆ, ಕೈಯಲ್ಲಿ ಕಪ್ಪು ಪೆನ್ನು. ಪುಟ ಹನ್ನೊಂದರ ಎರಡನೇ ಸಾಲಿನಲ್ಲಿ ‘ಬೆಳದಿಂಗಳು’ ಎಂಬ ಪದಕ್ಕೆ ಗೆರೆ ಎಳೆದು, ಮೇಲೆ ಸಣ್ಣ ಅಕ್ಷರದಲ್ಲಿ ‘ಚಂದ್ರಿಕೆ’ ಎಂದು ಬರೆಯುತ್ತಾರೆ. ಪುಟ ಹದಿನಾಲ್ಕರಲ್ಲಿ ಮತ್ತೆ ಅದೇ. ಒಂದು ಪ್ರತಿಯಲ್ಲಿ ಮೂವತ್ತೇಳು ಕಡೆ. ದಿನಕ್ಕೆ ಮೂರು ಪ್ರತಿ. ಅಚ್ಚಾಗಿರುವುದು ಐನೂರು, ತಿದ್ದಿರುವುದು ನೂರ ಎಂಬತ್ತಾರು.

ಕಾದಂಬರಿ ಅವರದೇ, ಹೆಸರು ‘ಹಣ್ಣು ಹುಳು’. ಪ್ರಕಾಶಕರೂ ಅವರೇ, ಚೀಲದಲ್ಲಿ ಹೊತ್ತು ಚಿಂತಾಮಣಿ ಬಸ್ಸು ಹತ್ತಿ ಮಾರುವವರೂ ಅವರೇ. ಹತ್ತೊಂಬತ್ತು ವರ್ಷಗಳಲ್ಲಿ ನಾಲ್ಕು ಕಾದಂಬರಿ ಬರೆದ ಈ ಹೆಂಗಸನ್ನು ಬೀದಿಯ ಜನ ಗುರುತಿಸುವುದು ರೇಷನ್ ಕಾರ್ಡಿನ ಅರ್ಜಿ ತುಂಬಿಕೊಡುವ ನಾಹಿದಕ್ಕ ಎಂದು ಮಾತ್ರ. ಬರೆಯೋಕೆ ಬರುತ್ತಲ್ಲ, ತುಂಬಿಕೊಡಲಿ ಬಿಡಿ.

ರೇಷ್ಮೆ ಸಾಕುವವರಿಗೆ ಚಂದ್ರಿಕೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಉಳಿದವರು ಕೇಳಿಸಿಕೊಳ್ಳಲಿ. ಅದು ಬಿದಿರಿನ ತಟ್ಟಿ, ಮೇಲೆ ಸುರುಳಿಯಾಗಿ ಹೆಣೆದ ದಬ್ಬೆ. ಮೇಯುವುದು ನಿಲ್ಲಿಸಿ ಹಣ್ಣಾದ ಹುಳುವನ್ನು ಅದರ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ನಾಹಿದ್ ತಂದೆ ವಜೀರ್ ಸಾಬರು ಚಂದ್ರಿಕೆ ಹೆಣೆದೇ ಮಕ್ಕಳನ್ನು ಸಾಕಿದವರು. ಮಗಳು ಈಗಲೂ ಹಗಲೆಲ್ಲ ಮುರಿದ ಚಂದ್ರಿಕೆಗಳಿಗೆ ದಬ್ಬೆ ಕಟ್ಟುತ್ತಾರೆ. ಬೆರಳ ತುಂಬ ಸಿಬಿರು ಚುಚ್ಚಿದ ಕಲೆ.

ಇಂಥವರ ಕಾದಂಬರಿಗೆ ‘ಬೆಳದಿಂಗಳು’ ಬಂದದ್ದು ಹೇಗೆ? ಕರಡು ತಿದ್ದಲು ನಗರದ ಒಬ್ಬ ಪಂಡಿತರಿಗೆ ಕೊಟ್ಟಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಆ ಮಹಾನುಭಾವರು. ‘ಚಂದ್ರಿಕೆ ಸಂಸ್ಕೃತ ಪದ, ಹಳ್ಳಿ ಕಥೆಗೆ ಹೊಂದುವುದಿಲ್ಲ, ಅಚ್ಚಗನ್ನಡ ಇರಲಿ’ ಎಂದು ಎಲ್ಲ ಕಡೆಯೂ ಬದಲಿಸಿಬಿಟ್ಟರು. ಬರೆದವರನ್ನು ಒಂದು ಮಾತು ಕೇಳಲಿಲ್ಲ.

“ಫೋನ್ ಮಾಡಿ ಕೇಳ್ದೆ. ‘ನಿಮ್ದು ಮನೆಮಾತು ಉರ್ದು ಅಲ್ವೇನಮ್ಮಾ, ಅಲ್ಲಲ್ಲಿ ಕನ್ನಡ ಎಡವಿತ್ತು, ಸರಿ ಮಾಡಿದೀನಿ’ ಅಂದ್ರು.” ಎನ್ನುತ್ತಾರೆ ನಾಹಿದ್. ತಿದ್ದಿದ ಪುಟ ಮಗುಚಿ, “ಅಚ್ಚಿಗೆ ಹೋಗೋ ಮುಂಚೆ ನಾನೂ ನೋಡ್ಬೇಕಿತ್ತು. ಅವರು ಓದಿದೋರು, ನಾನೇನು ನೋಡೋದು ಅಂದ್ಕೊಂಡೆ. ಆ ತಪ್ಪು ನಂದೇ.”

ಯಾರಿಗಾಗಿ ಬರೆದರೋ ಅವರೇ ಮೊದಲು ನಕ್ಕರು. ಮುರುಗಮಲ್ಲದ ಕಡೆ ಹುಳು ಸಾಕುವ ಪೆದ್ದಮ್ಮ ಮೊಮ್ಮಗಳ ಕೈಲಿ ಪುಸ್ತಕ ಓದಿಸಿ ಕೇಳಿದವರು. ಚಂದ್ರಿಕೆ ರಿಪೇರಿಗೆ ತಂದಾಗ ಅಂಗಳದಲ್ಲೇ ನಿಂತು, “ಏಮ್ಮಾ ನಾಹಿದ್, ಹುಳಾನ ಬೆಳದಿಂಗಳಿಗೆ ಬಿಟ್ರೆ ಗೂಡು ಎಲ್ಲಮ್ಮಾ ಕಟ್ತಾವೆ, ಆಕಾಶದಾಗಾ? ಚಂದ್ರಿಕೆ ಹೆಣೆಯೋ ಮನೆಯೋಳು ನೀನು” ಎಂದರು. ಅಂದು ನಾಹಿದ್ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಪೆನ್ನು ಹಿಡಿದು ಕೂತರು.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಒಂದು ಸಾಹಿತ್ಯ ಮಾಸಿಕ, ಇದುವರೆಗೆ ಇವರ ಹೆಸರೇ ಕೇಳದಿದ್ದದ್ದು, ‘ಹುಳುಗಳನ್ನು ಬೆಳದಿಂಗಳಿಗೆ ಒಪ್ಪಿಸುವ ಅಪೂರ್ವ ಪ್ರತಿಮೆ’ ಎಂದು ಹೊಗಳಿ ಬರೆಯಿತು. ನಾಲ್ಕು ಕಾದಂಬರಿಗೆ ಬಂದ ಒಂದೇ ವಿಮರ್ಶೆ, ಅದೂ ಅವರು ಬರೆಯದ ಸಾಲಿಗೆ. ಅದನ್ನು ಓದಿದ ಒಂದು ಪದವಿ ಕಾಲೇಜಿನ ಪಠ್ಯ ಸಮಿತಿ ಆ ಅಧ್ಯಾಯವನ್ನೇ ಪಾಠಕ್ಕೆ ಆರಿಸಿ ಒಪ್ಪಿಗೆ ಪತ್ರ ಕಳಿಸಿದೆ. ಸಹಿ ಹಾಕಿದರೆ ವರ್ಷವರ್ಷವೂ ನೂರಾರು ಮಕ್ಕಳು ನಾಹಿದ್ ಹೆಸರು ಓದುತ್ತಾರೆ. ಬರೆಯುವವರಿಗೆ ಇದಕ್ಕಿಂತ ದೊಡ್ಡ ಆಸೆ ಯಾವುದಿದೆ?

ಪದ ಸರಿಮಾಡಿ ಹಾಕಿ ಎಂದು ಸಮಿತಿಯವರನ್ನು ಕೇಳಿಕೊಂಡರು. “ಅವರು ಏನಂದ್ರು ಗೊತ್ತಾ? ‘ಮೇಡಂ, ಆ ಪ್ರತಿಮೆಗೋಸ್ಕರಾನೇ ಆರಿಸಿದ್ದು. ಅದನ್ನ ಕಿತ್ತರೆ ಉಳಿಯೋದು ಬರೀ ಹುಳ ಸಾಕೋ ಕಥೆ’ ಅಂದ್ರು. ನಾನು ಬರೆದಿದ್ದೇ ಹುಳ ಸಾಕೋ ಕಥೆ ಸರ್ ಅಂದೆ.”

ಗಂಡ ಮಜರ್, ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಹೇಳುತ್ತಾರೆ: “ಒಂದು ಪದ ತಾನೇ, ಸಹಿ ಹಾಕು ಅಂತ ನಾನೂ ಹೇಳ್ದೆ. ಹತ್ತೊಂಬತ್ತು ವರ್ಷ ಕಷ್ಟಪಟ್ಟಿದಾಳೆ, ಹೆಸರಾದ್ರೂ ಬರ್ಲಿ ಅಂತ. ಎರಡು ದಿನ ನನ್ ಹತ್ರ ಮಾತಾಡಿಲ್ಲ.”

ಮೂರನೇ ಪ್ರತಿಯನ್ನೂ ಮುಗಿಸಿ ನಾಹಿದ್ ಒಪ್ಪಿಗೆ ಪತ್ರ ತೆಗೆಯುತ್ತಾರೆ. ಕಳಿಸಲು ಇಂದೇ ಕೊನೆಯ ದಿನ. ಸಹಿಯ ಜಾಗದಲ್ಲಿ ಕನ್ನಡದಲ್ಲಿ ‘ಒಪ್ಪಿಗೆ ಇಲ್ಲ’ ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕುತ್ತಾರೆ. ಕಣ್ಣೊರೆಸಿಕೊಳ್ಳುತ್ತಾರೆ, ಯಾರಿಂದಲೂ ಮುಚ್ಚಿಡುವುದಿಲ್ಲ.

“ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ತುಂಬಾ ಬೇಜಾರಿದೆ. ಆದ್ರೆ ನಮ್ ಕಡೆ ಹುಡುಗಿ ಒಬ್ಬಳು ಆ ಕಾಲೇಜಲ್ಲಿ ಕೂತು ಪಾಠ ಓದ್ತಾಳೆ ಅನ್ಕೊಳ್ಳಿ. ಇದನ್ನ ಬರೆದೋಳಿಗೆ ಹುಳದ ಮನೆ ಗೊತ್ತೇ ಇಲ್ಲ ಅಂತಾಳೆ. ಅದೊಂದು ಮಾತು ನಾನು ತಡ್ಕೊಳಲ್ಲ.”

ಅವರ ಬಗ್ಗೆ ಬರೆಯಲು ಬಂದವರನ್ನು ಬೀದಿಯ ತಿರುವಿನವರೆಗೂ ಕಳಿಸಿಕೊಡಲು ಬರುತ್ತಾರೆ. ಏನಾದರೂ ಕೇಳುವುದಿದೆಯೇ ಎಂದರೆ, ಸಂಕೋಚದಿಂದ ಒಂದನ್ನೇ ಕೇಳುತ್ತಾರೆ:

“ನಿಮ್ ಪೇಪರಲ್ಲೂ ತಿದ್ದೋರು ಇರ್ತಾರಲ್ವಾ? ಚಂದ್ರಿಕೆ ಅನ್ನೋದನ್ನ ಹಂಗೇ ಬಿಡಿ ಅಂತ ಅವರಿಗೆ ಹೇಳಿ. ಆಕೆಗೆ ಕನ್ನಡ ಬರುತ್ತೆ ಅಂತ ಹೇಳಿ.”