ಭಾಗ್ಯಳ ನಲವತ್ತೈದು

ಮೊನ್ನೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಗಳನ್ನು ಬಿಚ್ಚುತ್ತಿದ್ದೆವು. ವಿಜ್ಞಾನದ ಮೇಡಂ ಮೊಬೈಲ್ ನೋಡುತ್ತಾ, "ಎಸ್ಸೆಸ್ಸೆಲ್ಸಿ ಪಾಸಿಂಗ್ ರೂಲ್ಸು ಬದಲಾಯ್ತಂತೆ ಕಣ್ರೀ. ಇನ್ಮೇಲೆ ಪರೀಕ್ಷೆ ಮಾರ್ಕ್ಸು, ಇಂಟರ್ನಲ್ ಮಾರ್ಕ್ಸು ಎರಡೂ ಕೂಡಿಸಿ ನೋಡ್ತಾರಂತೆ" ಎಂದರು. ಮಾಲೂರಿನ ಈ ಸಣ್ಣ ಶಾಲೆಯಲ್ಲಿ ಗಣಿತ ಹೇಳುವವಳು ನಾನು. ಎಲ್ಲರಿಗಿಂತ ಹೆಚ್ಚು ಖುಷಿಪಡಬೇಕಾದವಳೂ ನಾನೇ. ಆದರೆ ನನಗೆ ಭಾಗ್ಯ ನೆನಪಾದಳು.

ಭಾಗ್ಯ ಮತ್ತು ನಾನು ಕ್ಯಾಲನೂರಿನ ಕಡೆಯ ಒಂದೇ ಊರಿನವರು, ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವಳ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಅವಳಪ್ಪ ಮುನಿವೆಂಕಟಪ್ಪನವರು ಹಿಪ್ಪುನೇರಳೆ ಬೆಳೆಯುತ್ತಿದ್ದರು, ಡೈರಿಗೆ ಹಾಲು ಹಾಕುತ್ತಿದ್ದರು. ಹತ್ತನೇ ತರಗತಿಯಲ್ಲಿ ನಾವಿಬ್ಬರೂ ಅವರ ರೇಷ್ಮೆ ಮನೆಯ ಜಗಲಿಯ ಮೇಲೆ ಕೂತು ಓದುತ್ತಿದ್ದೆವು. ಓದುತ್ತಿದ್ದೆವು ಎನ್ನುವುದು ನನ್ನ ಮಟ್ಟಿಗೆ ದೊಡ್ಡ ಮಾತು. ಮುಖ್ಯ ಪ್ರಶ್ನೆಗಳ ಕೆಳಗೆ ಬಣ್ಣಬಣ್ಣದ ಗೆರೆ ಎಳೆಯುವುದರಲ್ಲೇ ನನ್ನ ಸಂಜೆ ಮುಗಿಯುತ್ತಿತ್ತು. ಕೊನೆಗೆ ಪುಸ್ತಕದಲ್ಲಿ ಗೆರೆಯಿಲ್ಲದ ಸಾಲೇ ಉಳಿಯಲಿಲ್ಲ. ಭಾಗ್ಯ ಮಾತ್ರ ನಿಜವಾಗಿ ಓದುತ್ತಿದ್ದಳು. ಗಣಿತವೊಂದು ಅವಳನ್ನು ಹೆದರಿಸುತ್ತಿತ್ತು.

ನಮ್ಮ ಲೆಕ್ಕದ ಮೇಷ್ಟ್ರಿಗೆ ಇದು ಗೊತ್ತಿತ್ತು. ಭಾಗ್ಯಳಂಥವರನ್ನು ಸಂಜೆ ಉಳಿಸಿಕೊಂಡು, "ಉತ್ತರ ಬರದಿದ್ರೂ ಪರವಾಗಿಲ್ಲ ಕಣ್ರಮ್ಮಾ. ಸೂತ್ರ ಬರೀರಿ, ಅರ್ಧ ಮಾರ್ಕ್ಸು. ಚಿತ್ರ ಬರೀರಿ, ಅರ್ಧ ಮಾರ್ಕ್ಸು. ಖಾಲಿ ಮಾತ್ರ ಬಿಡ್ಬೇಡಿ" ಎನ್ನುತ್ತಿದ್ದರು. ಆಗಿನ ನಿಯಮ ಹೀಗಿತ್ತು: ನೂರಕ್ಕೆ ಮೂವತ್ತೈದು ಬಂದರೆ ಪಾಸು. ಅದರಲ್ಲಿ ಇಪ್ಪತ್ತು ಅಂಕ ಶಾಲೆಯವರೇ ಕೊಡುವ ಆಂತರಿಕ ಅಂಕ, ಎಂಬತ್ತು ಲಿಖಿತ ಪರೀಕ್ಷೆಯದು. ಆದರೆ ಆ ಎಂಬತ್ತರಲ್ಲಿ ಇಪ್ಪತ್ತೆಂಟನ್ನು ಬೇರೆಯಾಗಿಯೇ ತೆಗೆಯಬೇಕಿತ್ತು. ಮೇಷ್ಟ್ರು ಇದನ್ನು ನಮಗೆ ಎಷ್ಟೋ ಸಲ ಹೇಳಿದ್ದರು. ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಫಲಿತಾಂಶದ ದಿನ ಮುನಿವೆಂಕಟಪ್ಪನವರು ತಾವೇ ಕೋಲಾರಕ್ಕೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದರು. ಎಲ್ಲ ವಿಷಯದಲ್ಲೂ ಮೂವತ್ತೈದಕ್ಕಿಂತ ಹೆಚ್ಚಿದೆಯೇ ಎಂದು ಬಸ್ಸಿನಲ್ಲೇ ನೋಡಿಕೊಂಡಿದ್ದರಂತೆ. ಮನೆಗೂ ಹೋಗದೆ ನೇರ ಡೈರಿಗೆ ಬಂದು ಮೈಸೂರುಪಾಕಿನ ಪೊಟ್ಟಣ ಬಿಚ್ಚಿದರು. ನಾನೂ ಹಾಲಿನ ಕ್ಯಾನು ಹಿಡಿದು ಅಲ್ಲೇ ನಿಂತಿದ್ದೆ, ನನಗೂ ಒಂದು ತುಂಡು ಸಿಕ್ಕಿತು. ಡೈರಿ ಕಾರ್ಯದರ್ಶಿ ಹಾಳೆಯನ್ನು ಈಸಿಕೊಂಡು ನೋಡಿ, "ಮುನಿವೆಂಕಟಪ್ಪ, ಕೆಳಗಡೆ ಫೇಲು ಅಂತ ಇದೆಯಲ್ಲೋ" ಎಂದ.

"ಎಲ್ಲಿ? ಲೆಕ್ಕದಲ್ಲಿ ನಲವತ್ತೈದು ಬಂದಿದೆ, ಸರಿಯಾಗಿ ನೋಡು."

"ಬಂದಿದೆ. ಪರೀಕ್ಷೆಯಲ್ಲಿ ಇಪ್ಪತ್ತೇಳೇ ಬಂದಿರೋದು. ಇಪ್ಪತ್ತೆಂಟು ಬರ್ಬೇಕಿತ್ತು."

"ನಲವತ್ತೈದು ದೊಡ್ಡದೋ ಮೂವತ್ತೈದು ದೊಡ್ಡದೋ? ಏಮ್ಮಾ, ನೀನಾದ್ರೂ ಹೇಳು. ನೀನು ಓದಿರೋಳು."

ನನ್ನ ಬಾಯಲ್ಲಿ ಮೈಸೂರುಪಾಕು ಇತ್ತು. ಅವರು ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಅದನ್ನೇ ಕೇಳಿದರು. ಉಳಿದ ಪೊಟ್ಟಣವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಹೋದರು.

ಉತ್ತರ ಪತ್ರಿಕೆಯ ನಕಲು ತರಿಸೋಣ ಎಂದವರು ಮೇಷ್ಟ್ರು. ಒಂದೇ ಒಂದು ಅಂಕವಲ್ಲವೇ, ಎಲ್ಲೋ ಕೂಡುವುದರಲ್ಲಿ ತಪ್ಪಿರಬಹುದು, ಯಾವುದೋ ಪುಟ ಕಣ್ಣು ತಪ್ಪಿರಬಹುದು. ಆ ನಕಲು ಬರುವವರೆಗೆ ನಾವೆಲ್ಲ ಆ ತಪ್ಪಿನ ಮೇಲೆಯೇ ಜೀವ ಹಿಡಿದುಕೊಂಡಿದ್ದೆವು.

ಬಂತು. ಶಾಲೆಯಲ್ಲಿ ಮೇಷ್ಟ್ರು ಒಂದು ಕಡೆ ಮಾದರಿ ಉತ್ತರಗಳನ್ನೂ ಇನ್ನೊಂದು ಕಡೆ ಅವಳ ಪತ್ರಿಕೆಯನ್ನೂ ಇಟ್ಟುಕೊಂಡು ಹೆಜ್ಜೆ ಹೆಜ್ಜೆಗೂ ಬೆರಳಿಟ್ಟು ನೋಡಿದರು. ಭಾಗ್ಯ, ಅವಳಪ್ಪ, ನಾನು ಎದುರಿಗೆ ಕೂತಿದ್ದೆವು. ಕೂಡಿದ್ದು ಸರಿಯಾಗಿತ್ತು. ಯಾವ ಪುಟವೂ ಬಿಟ್ಟಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದರು. "ತಿದ್ದಿರೋರು ಯಾರೋ ಪುಣ್ಯಾತ್ಮರು. ಕೊಡೋದಕ್ಕೇ ಹುಡುಕಿದ್ದಾರೆ. ಇಲ್ಲಿ ನೋಡಿ, ಬರೀ ಚಿತ್ರಕ್ಕೂ ಅರ್ಧ ಕೊಟ್ಟಿದ್ದಾರೆ. ನಾನಾಗಿದ್ರೆ ಕೊಡ್ತಿರ್ಲಿಲ್ಲ."

ಆಮೇಲೆ ಅವರ ಬೆರಳು ಒಂದು ಕಡೆ ನಿಂತಿತು. ವರ್ಗಸಮೀಕರಣದ ಲೆಕ್ಕ, ಎರಡು ಅಂಕದ್ದು. ಸೂತ್ರ, ಹೆಜ್ಜೆ, ಉತ್ತರ ಎಲ್ಲವೂ ಸರಿ. ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಭಾಗ್ಯಳದೇ ಪೆನ್ನಿನ ಗೆರೆ.

"ಯಾಕಮ್ಮಾ ಹೊಡೆದು ಹಾಕ್ದೆ?"

"ಉತ್ತರ ಭಿನ್ನರಾಶಿಯಲ್ಲಿ ಬಂತು ಸಾರ್. ಸರಿಯಾದ ಉತ್ತರ ಅಷ್ಟು ಗಲೀಜಾಗಿರಲ್ಲ ಅಂದ್ಕೊಂಡೆ."

"ಬರೆದೋಳೇ ಬೇಡ ಅಂದದ್ದನ್ನ ಅವರು ಹೇಗಮ್ಮಾ ನೋಡ್ತಾರೆ?"

ಹೊರಗೆ ಬಂದಾಗ ಭಾಗ್ಯ ಅಳಲಿಲ್ಲ. "ಅವರು ತಪ್ಪು ಮಾಡಿರ್ಬೇಕಿತ್ತು ಕಣೇ. ಬೈಯ್ಯೋಕಾದ್ರೂ ಯಾರೋ ಒಬ್ಬರು ಸಿಕ್ತಿದ್ರು" ಎಂದಳಷ್ಟೆ.

ಪೂರಕ ಪರೀಕ್ಷೆಗೆ ಕಟ್ಟಿದಳು. ಈಗ ಅವಳಿಗೆ ಅಂಕ ಕೊಡುವ ರೀತಿ ನನಗಿಂತ ಚೆನ್ನಾಗಿ ಗೊತ್ತಿತ್ತು, ಯಾವ ಹೆಜ್ಜೆಗೆ ಎಷ್ಟೆಂದು ಬಾಯಿಪಾಠವಾಗಿತ್ತು. ಆದರೂ ಪರೀಕ್ಷೆಯ ಕೋಣೆಯಿಂದ ಎಲ್ಲರಿಗಿಂತ ಮೊದಲು ಹೊರಬಂದಳು. "ಬರೆದ ಒಂದೊಂದು ಲೆಕ್ಕಾನೂ ಹೊಡೆದು ಹಾಕ್ಬೇಕೋ ಬಿಡ್ಬೇಕೋ ಅಂತ ಅನ್ಸೋದು. ಪೆನ್ನೇ ಓಡ್ಲಿಲ್ಲ ಕಣೇ" ಎಂದಳು. ಆ ಸಲ ಹದಿನಾಲ್ಕು ಬಂತು. ಮೂರನೆಯ ಸಲ ಕಟ್ಟಲು ಅವಳೇ ಒಪ್ಪಲಿಲ್ಲ. ನರ್ಸಿಂಗ್ ಓದಬೇಕೆಂದಿದ್ದವಳನ್ನು ಶ್ರೀನಿವಾಸಪುರದ ಕಡೆಗೆ ಮದುವೆ ಮಾಡಿಕೊಟ್ಟರು.

ಸ್ಟಾಫ್ ರೂಮಿನಿಂದ ಹೊರಬಂದು ಅವಳಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ! ಹೊಸ ನಿಯಮ ಹೇಳಿದೆ.

"ಹಳಬರಿಗೂ ಅದು ಬರುತ್ತಾ?"

"ಇಲ್ಲ ಭಾಗ್ಯಾ. ಇನ್ಮೇಲೆ ಬರೆಯೋರಿಗೆ."

"ಹ್ಞೂಂ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಊರಿಗೆ ಹೋದಾಗ ನಮ್ಮಪ್ಪನ ಹತ್ರ ಮಾತ್ರ ಈ ವಿಷಯ ಎತ್ಬೇಡ ಕಣೇ. ತಾನೇ ದಡ್ಡ, ತನಗೇ ಲೆಕ್ಕ ತಿಳೀಲಿಲ್ಲ ಅಂತ ಹೇಗೋ ಸಮಾಧಾನ ಮಾಡ್ಕೊಂಡಿದ್ದಾರೆ. ಅವತ್ತು ತಾನು ಕೇಳಿದ್ದೇ ಸರಿ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ."

ಗಂಟೆ ಹೊಡೆಯಿತು. ಹತ್ತನೇ ತರಗತಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ಇನ್ಮೇಲೆ ಪಾಸಾಗೋದು ಸುಲಭ ಅಲ್ವಾ?" ಎಂದಳು. ಇಡೀ ತರಗತಿ ನಗುತ್ತಿತ್ತು. ಹೌದೆನ್ನಲು ಬಾಯಿ ತೆರೆದವಳು ಮಕ್ಕಳಿಗೆ ಬೆನ್ನು ಮಾಡಿ, ಬೋರ್ಡು ಒರೆಸಿಯೇ ಇದ್ದರೂ, ಮತ್ತೊಮ್ಮೆ ಒರೆಸತೊಡಗಿದೆ.